ಲಾಲ್‌ಬಜಾರಿನಲ್ಲಿ ಒಂದು ಗಿಟಾರ್

ಕಲ್ಕತ್ತೆಗೆ ಹೋಗುವವರ ಕೈಗೆ ಮನೆಯವರು ಕೊಡುವ ಪಟ್ಟಿಯಲ್ಲಿ ರಸಗುಲ್ಲದ ಡಬ್ಬಿ, ತಾಂತ್ ಸೀರೆ, ಕಾಳೀಘಾಟಿನ ಕುಂಕುಮ ಇವು ಇರುವುದು ವಾಡಿಕೆ. ನನ್ನ ಪಟ್ಟಿಯಲ್ಲಿ ಇವೆಲ್ಲದರ ಕೆಳಗೆ, ನನ್ನದೇ ಅಕ್ಷರದಲ್ಲಿ, ‘ಎಲೆಕ್ಟ್ರಿಕ್ ಗಿಟಾರ್ – ಒಂದು’ ಎಂದು ಬರೆದಿತ್ತು. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೂ ಎಲೆಕ್ಟ್ರಿಕ್ ಗಿಟಾರಿಗೂ ಎತ್ತಣಿಂದೆತ್ತ ಸಂಬಂಧವೆಂದು ಓದುಗರು ಕೇಳಬಹುದು. ಅದೊಂದು ಹಳೆಯ ಸಾಲದ ಕಥೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ ನಮ್ಮ ಮನೆಯಲ್ಲಿದ್ದುಕೊಂಡೇ ಓದುತ್ತಿರುವ ಹುಡುಗ. ನೆರೆಹೊರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಕೂಡಿಸಿದ ಹಣದಲ್ಲಿ, ಎರಡು ವರ್ಷಗಳ ಹಿಂದೆ, ಯಾವುದೋ ಅಂಗಡಿಯಿಂದ ಪಾರ್ಸೆಲ್ಲಿನಲ್ಲಿ ಒಂದು ಅಗ್ಗದ ಗಿಟಾರನ್ನು ತರಿಸಿಕೊಂಡ. ಕೆಂಪು ಬಣ್ಣದ, ಮುಖ ಕಾಣುವಂತೆ ಹೊಳೆಯುವ ವಾದ್ಯ. ಆರು ತಿಂಗಳು ಹಟದಿಂದ ಅಭ್ಯಾಸ ಮಾಡಿದ. ಬೆರಳಿನ ತುದಿ ಒಡೆದು ರಕ್ತ ಬಂದಿತೇ ಹೊರತು ನಾದ ಬರಲಿಲ್ಲ. ಕೆಳಗಿನ ಸ್ವರಗಳು ಒಂದು ತೆರನಾದರೆ ಮೇಲಿನವು ಇನ್ನೊಂದು ತೆರ. ನಡುವೆ ತಂತಿ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತಿದ್ದ ನಾನು ಒಂದು ಸಂಜೆ ರೇಗಿ, “ಶ್ರದ್ಧೆ ಇಲ್ಲದವನಿಗೆ ಯಾವ ವಿದ್ಯೆಯೂ ಹತ್ತುವುದಿಲ್ಲ” ಎಂದು ಅಂದುಬಿಟ್ಟೆ. ಹುಡುಗ ಎದುರಾಡಲಿಲ್ಲ. “ನನ್ನ ಕೈ ಇದಕ್ಕೆ ಹುಟ್ಟಿದ್ದಲ್ಲ ಬಿಡಿ, ಮಾವ” ಎಂದು ವಾದ್ಯವನ್ನು ಬೀರುವಿನ ಮೇಲೆ ಮಲಗಿಸಿದ.

ದೀಪಾವಳಿಗೆ ಮನೆ ಸಾರಿಸುವಾಗ ಅದು ನನ್ನ ತಂದೆಯವರ ಕೈಗೆ ಸಿಕ್ಕಿತು. ಐವತ್ತು ವರ್ಷ ಬಡಗಿಯ ಕೆಲಸ ಮಾಡಿದ ಕೈ ಅದು. ಧೂಳೊರೆಸಿ, ಹಲಗೆಯ ಅಂಚು ನೋಡುವವರಂತೆ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನನ್ನು ಕರೆದು, “ಇದರ ಕುತ್ತಿಗೆ ತಿರುಚಿಕೊಂಡಿದೆಯಲ್ಲೋ. ಹಸಿ ಮರದಲ್ಲಿ ಮಾಡಿದ್ದಾರೆ. ಹುಡುಗನನ್ನ ಯಾಕೆ ಬೈದೆ?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಅಗ್ಗದ ವಾದ್ಯದಿಂದ ಆಗುವ ದೊಡ್ಡ ನಷ್ಟ ಹಣದ್ದಲ್ಲ ಎಂಬುದು ಆ ದಿನ ತಿಳಿಯಿತು. ಮರದ ದೋಷವನ್ನು ಕಲಿಯುವವನು ತನ್ನ ದೋಷವೆಂದು ನಂಬಿಬಿಡುತ್ತಾನೆ. ನಮ್ಮಂಥ ಹಿರಿಯರು ಆ ನಂಬಿಕೆಗೆ ಮೊಹರು ಒತ್ತುತ್ತೇವೆ.

ಹೂಗ್ಲಿಯ ಕೆಳಗೆ

ಮುಂದಿನ ಮಳೆಗಾಲ ಮುಗಿಯುತ್ತ ಬಂದಾಗ ಕಲ್ಕತ್ತೆಯ ಒಂದು ವಿಚಾರಗೋಷ್ಠಿಗೆ ನನಗೆ ಕರೆ ಬಂದಿತು. 2001ರಿಂದ ಅದರ ಹೆಸರು ಕೋಲ್ಕತ್ತ ಎಂದಾಗಿದ್ದರೂ ನಮ್ಮ ಮನೆಯ ಮಾತಿನಲ್ಲಿ ಅದು ಇನ್ನೂ ಕಲ್ಕತ್ತೆಯೇ. ಹೊರಡುವ ಹಿಂದಿನ ರಾತ್ರಿ ತಂದೆಯವರು ಮೂರು ಮಾತು ಹೇಳಿದರು. “ಉದ್ದಕ್ಕೆ ನೋಡು. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡು. ಬಣ್ಣ ಬಳಿಯದ ಜಾಗ ಎಲ್ಲಿದೆ ಹುಡುಕಿ, ಅಲ್ಲಿ ನೋಡು.” ಬೇರೆಯ ತಂದೆಗಳು ಮಗನಿಗೆ ಜೇಬುಗಳ್ಳರ ವಿಷಯ ಹೇಳಿ ಕಳುಹಿಸುತ್ತಾರೆ, ನನಗೆ ದೊರೆತದ್ದು ಈ ಉಪದೇಶ.

ಗೋಷ್ಠಿ ಮುಗಿದ ಮರುದಿನ ಬೆಳಿಗ್ಗೆ ಹೌರಾದಿಂದ ಮೆಟ್ರೋ ಹತ್ತಿದೆ. 2024ರ ಮಾರ್ಚಿಯಲ್ಲಿ ತೆರೆದ ಈ ಮಾರ್ಗ ಹೂಗ್ಲಿ ನದಿಯ ಕೆಳಗೆ ಹಾದುಹೋಗುತ್ತದೆ. ನದಿಯ ಅಡಿಯ ಸುಮಾರು 520 ಮೀಟರ್ ದೂರವನ್ನು ದಾಟಲು ಮುಕ್ಕಾಲು ನಿಮಿಷ ಸಾಕು. ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಕಣ್ಣು ಮುಚ್ಚಿ ಕೈ ಮುಗಿದರು. ತಲೆಯ ಮೇಲೆ ಗಂಗೆ ಹರಿಯುತ್ತಿದ್ದಾಳೆಂದು ನೆನಪಾಗಿ ನಾನೂ ಮುಗಿದೆ. ಮಹಾಕರಣ ನಿಲ್ದಾಣದಲ್ಲಿ ಮೇಲಕ್ಕೆ ಬಂದರೆ ಎದುರಿಗೆ ಲಾಲ್ ದೀಘಿಯ ಕೊಳ, ಅದರ ಮಗ್ಗುಲಲ್ಲಿ ರೈಟರ್ಸ್ ಬಿಲ್ಡಿಂಗಿನ ಕೆಂಪು ಮೈ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಲಾಲ್‌ಬಜಾರು.

ಲಾಲ್‌ಬಜಾರ್ ಎಂದೊಡನೆ ಬಂಗಾಲಿಗಳಿಗೆ ನೆನಪಾಗುವುದು ಪೊಲೀಸರು. ನಗರದ ಪೊಲೀಸ್ ಕೇಂದ್ರ ಕಚೇರಿ ಇರುವುದು ಅಲ್ಲೇ. ಆ ಕಚೇರಿಯ ನೆರೆಯಲ್ಲೇ ಉತ್ತರಕ್ಕೆ ಹೊರಡುವ ಬೀದಿ ರವೀಂದ್ರ ಸರಣಿ. ಹಿಂದೆ ಇದಕ್ಕೆ ಚಿತ್ಪುರ ರಸ್ತೆ ಎಂದು ಹೆಸರು. ಇದರ ಉದ್ದಕ್ಕೂ ನಡೆದುಹೋದವನಿಗೆ ಹಳೆಯ ಕಲ್ಕತ್ತೆಯೆಲ್ಲ ಒಂದೇ ದಾರಿಯಲ್ಲಿ ಸಿಗುತ್ತದೆ: ನಾಖೋದಾ ಮಸೀದಿಯ ಕೆಂಪು ಕಟ್ಟಡ, ಅತ್ತರಿನ ಅಂಗಡಿಗಳು, 1861ರಲ್ಲಿ ರವೀಂದ್ರರು ಹುಟ್ಟಿದ ಜೋಡಾಸಾಂಕೋ ಮನೆ, ಜಾತ್ರಾ ನಾಟಕ ಮಂಡಲಿಗಳ ಭಿತ್ತಿಪತ್ರಗಳು, ಕೊನೆಗೆ ಜೇಡಿಮಣ್ಣಿನಿಂದ ದುರ್ಗೆಯನ್ನು ಮಾಡುವ ಕುಮಾರಟುಲಿ. ಪೊಲೀಸರಿಂದ ಹೊರಟು ದೇವರಲ್ಲಿ ಮುಗಿಯುವ ಈ ಬೀದಿಯ ಆರಂಭದಲ್ಲೇ ವಾದ್ಯದ ಅಂಗಡಿಗಳ ಸಾಲು ಇದೆ.

ಇಕ್ಕಟ್ಟಾದ ಅಂಗಡಿಗಳು. ಒಳಗೆ ಸಿತಾರ್, ಎಸ್ರಾಜ್, ಹಾರ್ಮೋನಿಯಂ, ತಬಲಾ, ಬ್ಯಾಂಡಿನ ಹಿತ್ತಾಳೆಯ ಕಹಳೆ; ಇವುಗಳ ನಡುವೆ, ಮಾಂಸದಂಗಡಿಯಲ್ಲಿ ನೇತುಹಾಕಿದಂತೆ ತಲೆಗಳಿಗೆ ಕೊಕ್ಕೆ ಸಿಕ್ಕಿಸಿಕೊಂಡು ಸಾಲಾಗಿ ತೂಗುವ ಗಿಟಾರುಗಳು. ಈ ಊರಿಗೆ ಗಿಟಾರ್ ನಿನ್ನೆ ಮೊನ್ನೆಯ ಅತಿಥಿಯಲ್ಲ. 1940ರ ದಶಕದಲ್ಲಿ ಹವಾಯಿ ದ್ವೀಪದ ವಾದಕ ಟಾವು ಮೋ ಇಲ್ಲಿ ಕೆಲವು ವರ್ಷ ನೆಲಸಿದ್ದ. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಗಿಟಾರ್ ಆಮೇಲೆ ಬಂಗಾಲದ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಬಟುಕ್ ನಂದಿ, ಸುನಿಲ್ ಗಂಗೂಲಿ ಮೊದಲಾದವರು ಅದರಲ್ಲಿ ರವೀಂದ್ರಸಂಗೀತವನ್ನೇ ನುಡಿಸಿದರು. 1975ರಲ್ಲಿ ಹುಟ್ಟಿದ ‘ಮೊಹೀನೇರ್ ಘೋಡಾಗುಲಿ’ ಎಂಬ ತಂಡ ಬಂಗಾಲಿ ಹಾಡಿಗೆ ರಾಕ್ ಸಂಗೀತದ ಬಾಗಿಲು ತೆರೆಯಿತು. ಇಷ್ಟು ಬೇಡಿಕೆಯಿರುವ ಊರಿನಲ್ಲಿ ಗಿಟಾರ್ ಮಾಡುವ ಕೈಗಳು ಬೆಳೆದದ್ದು ಸಹಜವೇ.

ಮರವೋ, ಕಾಂತವೋ?

ನಾನು ಹೊಕ್ಕ ಅಂಗಡಿಯ ಯಜಮಾನರು ಅರುವತ್ತು ದಾಟಿದವರು. ನನ್ನ ಹರಕು ಹಿಂದಿಯನ್ನು ಸಹನೆಯಿಂದ ಕೇಳಿ, ನಾನು ಉಪನ್ಯಾಸಕನೆಂದು ತಿಳಿದೊಡನೆ ‘ಮಾಸ್ಟರ್‌ಮೊಶಾಯ್’ ಎಂದು ಕರೆಯತೊಡಗಿದರು. ನಾನೂ ಅವರನ್ನು ‘ದಾದಾ’ ಎಂದೆ. ಹತ್ತು ಸಾವಿರ ರೂಪಾಯಿಯೊಳಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಬೇಕು, ಮರ ಚೆನ್ನಾಗಿರಬೇಕು ಎಂದಾಗ ಅವರು ನಕ್ಕರು. “ಈ ಬೆಲೆಗೆ ಮರದ ಹೆಸರು ಕೇಳಬೇಡಿ, ಮರ ಹೇಗೆ ಒಣಗಿದೆ ಎಂದು ಕೇಳಿ. ಹೇಗೆ ಕೂಡಿಸಿದ್ದಾರೆ ಎಂದು ಕೇಳಿ.”

ಮಾತು ಇತಿಹಾಸಕ್ಕೆ ತಿರುಗಿತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದವನ್ನು ಹಿಡಿಯುವುದು ತಂತಿಯ ಕೆಳಗಿರುವ ಪಿಕಪ್. ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ, ಇಷ್ಟೇ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ವೀಣೆಯ ಕೊಡದಂತೆ ಇಲ್ಲಿ ಒಡಲು ನಾದವನ್ನು ಹಿಗ್ಗಿಸಿ ಕೊಡಬೇಕಾಗಿಲ್ಲ. 1930ರ ದಶಕದ ಮೊದಲಲ್ಲಿ ಅಮೆರಿಕದ ರಿಕನ್‌ಬ್ಯಾಕರ್ ಕಂಪನಿ ಮಾಡಿದ, ಬಾಣಲೆಯ ಆಕಾರದ ಎಲೆಕ್ಟ್ರಿಕ್ ಗಿಟಾರಿನ ಮೈಯಲ್ಲಿ ಮರವೇ ಇರಲಿಲ್ಲ, ಎಲ್ಲ ಅಲ್ಯುಮಿನಿಯಂ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ನಾಲ್ಕಂಗುಲ ದಪ್ಪದ ಪೈನ್ ಮರದ ತೊಲೆಗೆ ತಂತಿ ಬಿಗಿದು ನುಡಿಸಿದ. 1950ರಲ್ಲಿ ಲಿಯೋ ಫೆಂಡರ್, ಆಷ್ ಮರದ ಹಲಗೆಗೆ ಮೇಪಲ್ ಮರದ ಕುತ್ತಿಗೆಯನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದು ಮಾರಾಟಕ್ಕೆ ತಂದ. ಅದೇ ದಶಕದಲ್ಲಿ ಡೇನ್‌ಎಲೆಕ್ಟ್ರೋ ಎಂಬ ಕಂಪನಿ, ಮರದ ಚೌಕಟ್ಟಿಗೆ ಮೇಸೊನೈಟ್ ರಟ್ಟಿನ ಹಲಗೆ ಹೊದಿಸಿ ಬಡವರ ಗಿಟಾರುಗಳನ್ನು ಮಾಡಿತು. ಆ ರಟ್ಟಿನ ಗಿಟಾರುಗಳನ್ನು ಮುಂದೆ ಜಿಮ್ಮಿ ಪೇಜ್‌ನಂಥ ಪ್ರಖ್ಯಾತರೂ ನುಡಿಸಿದರು.

“ಹಾಗಾದರೆ ಮರ ಯಾವುದಾದರೂ ಆಗಬಹುದೇ?” ಎಂದೆ.

“ಒಡಲಿಗೆ ಹೆಚ್ಚುಕಡಿಮೆ ನಡೆಯುತ್ತದೆ. ಸ್ಕ್ರೂ ಹಿಡಿದು ನಿಲ್ಲುವಷ್ಟು ಗಟ್ಟಿ, ಹೆಗಲಿಗೆ ಭಾರವಾಗದಷ್ಟು ಹಗುರ ಇದ್ದರಾಯಿತು. ಕುತ್ತಿಗೆಯಲ್ಲಿ ಮಾತ್ರ ಕ್ಷಮೆ ಇಲ್ಲ. ಆರು ತಂತಿ ಸೇರಿ ಹಗಲೂ ರಾತ್ರಿ ಸುಮಾರು ನಲವತ್ತು ಕಿಲೋ ಭಾರದಷ್ಟು ಎಳೆಯುತ್ತವೆ, ಮಾಸ್ಟರ್‌ಮೊಶಾಯ್. ಹಸಿ ಮರ ಎಷ್ಟು ದಿನ ತಡೆದೀತು?”

ನಮ್ಮ ಮನೆಯ ಬೀರುವಿನ ಮೇಲೆ ಮಲಗಿದ್ದ ಕೆಂಪು ಗಿಟಾರ್ ಕಣ್ಣಿಗೆ ಕಟ್ಟಿತು.

ಮೂರು ವಾದ್ಯಗಳು

ದಾದಾ ಮೂರು ಗಿಟಾರುಗಳನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟರು. ಮೊದಲನೆಯದು ರೂಪವತಿ. ಅಂಚಿನಲ್ಲಿ ಕಪ್ಪು, ನಡುವೆ ಜೇನಿನ ಬಣ್ಣ, ಅದರಲ್ಲಿ ಹುಲಿಯ ಪಟ್ಟೆಯಂಥ ಎಳೆಗಳು. ನಾನು ಮಾರುಹೋದದ್ದನ್ನು ಕಂಡು ದಾದಾ ಅದನ್ನು ಬೋರಲು ಹಾಕಿ, ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿದರು. ಬಣ್ಣ ಬಳಿಯದ ಜಾಗ ಅದೇ! ಒಳಗೆ ಬಾಳೆಯ ದಿಂಡಿನ ಪದರಗಳಂತೆ ಪ್ಲೈವುಡ್ಡಿನ ಗೆರೆಗಳು ಕಂಡುವು. ಮೇಲಿನ ಹುಲಿಪಟ್ಟೆ ಮರದ್ದಲ್ಲ, ಅಂಟಿಸಿದ ಚಿತ್ರದ್ದು. ನಾನು ಕರವಸ್ತ್ರವನ್ನು ಕುಡಿಯುವ ನೀರಿನಲ್ಲಿ ಅದ್ದಿ, ಬೆರಳೊತ್ತುವ ಕಪ್ಪು ಹಲಗೆಯನ್ನು ಒರೆಸಿದೆ. ಬಟ್ಟೆಗೆ ಮಸಿ ಹತ್ತಿತು. ಬೆಳ್ಳನೆಯ ಮರಕ್ಕೆ ಬಣ್ಣ ಹಚ್ಚಿ ಕರಿಮರವೆಂದು ನಂಬಿಸುವ ಉಪಾಯ. ಕುತ್ತಿಗೆ ಒಡಲನ್ನು ಸೇರುವಲ್ಲಿ ನನ್ನ ಗುರುತಿನ ಚೀಟಿ ತೂರುವಷ್ಟು ಸಂದು ಇತ್ತು. ವ್ಯಾಕರಣದಲ್ಲಿ ಲೋಪಸಂಧಿ ಒಪ್ಪುವಂಥದೇ. ಬಡಗಿಯ ಕೆಲಸದಲ್ಲಿ ಒಪ್ಪದು. ಅಲ್ಲಿ ಸಂದು ಬಿಟ್ಟರೆ ಕುತ್ತಿಗೆ ಅತ್ತಿತ್ತ ಜರುಗಿ ಅಂಚಿನ ತಂತಿ ಹಲಗೆಯಿಂದ ಜಾರುತ್ತದೆ.

ಎರಡನೆಯದು ಹೊರದೇಶದ ಕಾರ್ಖಾನೆಯಿಂದ ಬಂದದ್ದು. ಬಾಸ್‌ವುಡ್ ಎಂಬ ಮೆದು ಮರದ ಒಡಲು, ಅಂದವಾದ ಕೆಲಸ. ತಂದೆಯವರು ಹೇಳಿದಂತೆ ಅದನ್ನು ಎತ್ತಿ ತಲೆಯ ಕಡೆಯಿಂದ ಉದ್ದಕ್ಕೆ ನೋಡಿದೆ. ಹಲಗೆಯ ಎರಡು ಅಂಚುಗಳೂ ರೈಲು ಕಂಬಿಗಳಂತೆ ಒಂದೇ ಪಾತಳಿಯಲ್ಲಿ ಹೋಗಬೇಕು. ಇಲ್ಲಿ ಎಡಗಂಬಿ ನಡುವಿನಿಂದಾಚೆ ಕೆಳಗಿಳಿದಂತೆ ಕಂಡಿತು. ದಾದಾ ನೋಡಿ, “ಕಣ್ಣು ಸರಿಯಾಗಿದೆ” ಎಂದು ಅದನ್ನು ಪಕ್ಕಕ್ಕಿಟ್ಟರು. ಕುತ್ತಿಗೆ ಬಿಲ್ಲಿನಂತೆ ಬಾಗಿದ್ದರೆ ಹೆದರಬೇಕಾಗಿಲ್ಲವಂತೆ. ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹುದುಗಿದೆ. 1920ರ ದಶಕದಲ್ಲಿ ಗಿಬ್ಸನ್ ಕಂಪನಿ ಬಳಕೆಗೆ ತಂದ ಉಪಾಯ. ಅದರ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಬಾಗು ತಿದ್ದಿಕೊಳ್ಳುತ್ತದೆ. ನಿಜವಾಗಿ ತುಸು ಬಾಗು ಬೇಕೇ ಬೇಕು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟುಗಳ ಮೇಲೆ ಒಮ್ಮೆಗೇ ಒತ್ತಿ ಹಿಡಿದಾಗ, ನಡುವೆ ಒಂದು ದಪ್ಪ ಕಾಗದ ಸರಿದಾಡುವಷ್ಟು ಎಡೆಯಿರಬೇಕು. ತಿರುಚಿಗೆ ಮಾತ್ರ ಯಾವ ಸರಳೂ ಮದ್ದಲ್ಲ.

ಮೂರನೆಯದನ್ನು ನೋಡಿ ನನ್ನ ಮುಖ ಸಣ್ಣದಾಯಿತು. ಬಣ್ಣವಿಲ್ಲ, ಹೊಳಪಿಲ್ಲ, ಮಾಸಲು ಹಳದಿಯ ಮರಕ್ಕೆ ತೆಳುವಾದ ವಾರ್ನಿಷ್. ಹಿಂದಿನ ಗಲ್ಲಿಯ ಕಾರ್ಖಾನೆಯಲ್ಲಿ ಮಾಡಿದ್ದಂತೆ. ಮರ ಯಾವುದೆಂದು ಕೇಳಿದಾಗ ದಾದಾ ‘ಗಮ್ಹಾರ್’ ಎಂದರು. ಅದು ನಮ್ಮ ಕಡೆಯ ಶಿವನೆ ಮರವೆಂದು ಆಮೇಲೆ ತಂದೆಯವರು ಹೇಳಿದರು. ಎರಡು ತುಂಡುಗಳನ್ನು ನಡುವೆ ಕೂಡಿಸಿದ್ದರು. ಗೆರೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಕುತ್ತಿಗೆಯ ಎಳೆಗಳು ತಲೆಯಿಂದ ಬುಡದವರೆಗೆ ಗಂಟಿಲ್ಲದೆ ಬಾಚಿದ ಕೂದಲಿನಂತೆ ನೇರವಾಗಿದ್ದುವು. ತಲೆಯ ಹತ್ತಿರ ಒಂದು ಓರೆ ಬೆಸುಗೆ ಇತ್ತು. “ಇದು ತೇಪೆಯೇ?” ಎಂದು ಸಂಶಯಪಟ್ಟೆ. ಅಲ್ಲವಂತೆ. ಹಿಂದಕ್ಕೆ ಬಾಗಿದ ತಲೆಯನ್ನು ಒಂದೇ ಮರದಲ್ಲಿ ಕೊರೆದರೆ ಎಳೆ ಅಲ್ಲಿ ಕತ್ತರಿಸಿಹೋಗಿ ಬಿದ್ದಾಗ ಮುರಿಯುತ್ತದೆ; ಓರೆಯಾಗಿ ಕೂಡಿಸಿದರೆ ಎರಡು ಕಡೆಯೂ ಎಳೆ ಉದ್ದಕ್ಕೆ ಉಳಿದು ಗಟ್ಟಿಯಾಗುತ್ತದೆ. ಕೂಡಿಸಿದ್ದೆಲ್ಲ ಮೋಸವಲ್ಲ, ಅಖಂಡವಾದದ್ದೆಲ್ಲ ಶ್ರೇಷ್ಠವಲ್ಲ ಎಂಬ ಪಾಠವೂ ಆಯಿತು.

ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಬೆರಳ ಹಲಗೆ ಬಣ್ಣ ಬಿಡಲಿಲ್ಲ. ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳ ನೇರಿಳೆಗಂದು ಮರ. ಹೆಸರು ಹೇಳಬೇಕಾಗಿರಲಿಲ್ಲ, ಬೀಟೆಯ ಪರಿಚಯ ಬಡಗಿಯ ಮಗನಿಗೆ ಬೇಕೆ? ಬಂಗಾಲದ ಬೀದಿಯಲ್ಲಿ ನಮ್ಮ ಮಲೆನಾಡಿನ ನೆಂಟನೊಬ್ಬ ಎದುರಾದಂತಾಯಿತು. ಬ್ರೆಜಿಲ್ಲಿನ ರೋಸ್‌ವುಡ್ ದಿಮ್ಮಿಗಳ ರಫ್ತು 1960ರ ದಶಕದ ಕೊನೆಗೆ ನಿಂತಮೇಲೆ ಲೋಕದ ಗಿಟಾರ್ ತಯಾರಕರು ಅರಸಿ ಬಂದದ್ದು ಪಶ್ಚಿಮ ಘಟ್ಟದ ಈ ಬೀಟೆಯನ್ನೇ. ಮೈಸೂರಿನ ಕುಸುರಿ ಕೆಲಸಕ್ಕೆ ಮೈಯೊಡ್ಡಿದ ಮರವೇ ಅಮೆರಿಕದ ಗಿಟಾರುಗಳಲ್ಲೂ ಕುಳಿತಿತು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟುವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ಕಾಡಿನಲ್ಲಿ ಬೀಟೆ ಕಡಮೆಯಾಗುತ್ತಿರುವಾಗ ಹೀಗೊಂದು ಕಟ್ಟು ಬೇಕಾದದ್ದೇ.

ಈ ವಾದ್ಯದಲ್ಲೂ ದೋಷವಿರಲಿಲ್ಲವೆಂದಲ್ಲ. ತಲೆಯ ಬಳಿ ತಂತಿಗಳು ಕುಳಿತುಕೊಳ್ಳುವ ನಟ್ ಎಂಬ ಪಟ್ಟಿಯ ಕಚ್ಚುಗಳು ಆಳ ಸಾಲದೆ, ಮೊದಲ ಫ್ರೆಟ್ಟಿನಲ್ಲಿ ತಂತಿ ಎತ್ತರವಾಗಿತ್ತು. ಹನ್ನೆರಡನೆಯ ಫ್ರೆಟ್ ತಂತಿಯ ಸರಿ ಅರ್ಧ. ಅಲ್ಲಿ ಒತ್ತಿ ಮೀಟಿದ ಸ್ವರವೂ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಇದರಲ್ಲಿ ಒತ್ತಿದ ಸ್ವರ ತುಸು ಏರಿತ್ತು. ನಾನು ತಲೆಯಾಡಿಸುತ್ತಿದ್ದಂತೆ ದಾದಾ ಒಂದು ಮಾತು ಹೇಳಿದರು. ಅಗ್ಗದ ವಾದ್ಯ ಕೊಳ್ಳುವವರೆಲ್ಲ ಇದನ್ನು ಬರೆದಿಟ್ಟುಕೊಳ್ಳಬಹುದು.

“ಈ ಬೆಲೆಗೆ ದೋಷವಿಲ್ಲದ ವಾದ್ಯ ಸಿಗುವುದಿಲ್ಲ. ತಿದ್ದಬಹುದಾದ ದೋಷ ಯಾವುದು, ತಿದ್ದಲಾಗದ್ದು ಯಾವುದು, ಅಷ್ಟನ್ನು ಬೇರೆ ಮಾಡಿ. ನಟ್ಟಿನ ಕಚ್ಚು, ತಂತಿಯ ಎತ್ತರ, ಬ್ರಿಡ್ಜಿನ ಸ್ಥಾನದಲ್ಲಿ ಕೂದಲೆಳೆಯ ವ್ಯತ್ಯಾಸ, ಕುತ್ತಿಗೆಯ ಬಾಗು, ಒರಟಾದ ಫ್ರೆಟ್ಟಿನ ತುದಿ, ಕರಕರ ಎನ್ನುವ ಗುಂಡಿ, ಸಡಿಲ ಬಿರಡೆ ಇವಕ್ಕೆಲ್ಲ ಅರ, ತಿರುಪುಳಿ, ಸ್ವಲ್ಪ ದುಡ್ಡು ಸಾಕು. ತಿರುಚಿದ ಕುತ್ತಿಗೆ, ಹಸಿ ಮರ, ಓರೆಯಾಗಿ ಕೊರೆದ ಕುತ್ತಿಗೆಯ ಗೂಡು, ತಪ್ಪು ಲೆಕ್ಕದಲ್ಲಿ ಹೊಡೆದ ಫ್ರೆಟ್ಟುಗಳು ಇವಕ್ಕೆ ಬ್ರಹ್ಮನೂ ಏನೂ ಮಾಡಲಾರ.”

ಹೀಗೆಂದು ಸಣ್ಣ ಅರ ತೆಗೆದುಕೊಂಡು ನನ್ನೆದುರೇ ನಟ್ಟಿನ ಕಚ್ಚುಗಳನ್ನು ಉಜ್ಜಿದರು. ಬ್ರಿಡ್ಜಿನ ಪುಟ್ಟ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ, ತಂತಿ ಮೀಟಿ, ತಲೆ ವಾಲಿಸಿ ಕೇಳಿದರು. ಅರ್ಧ ಗಂಟೆಯಲ್ಲಿ ಎರಡು ಸ್ವರಗಳೂ ಒಂದಾದುವು. ವಿದ್ಯುತ್ತು ಕೊಡದೆ ಒಂದೊಂದು ಫ್ರೆಟ್ಟಿನಲ್ಲೂ ಮೀಟಿ ತೋರಿಸಿದರು. ಎಲ್ಲೂ ಜೀರುಂಡೆಯ ದನಿಯಿರಲಿಲ್ಲ. ಆಮೇಲೆ ಆಂಪ್ಲಿಫೈಯರಿಗೆ ಜೋಡಿಸಿ, ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿ, ಒಂದು ರವೀಂದ್ರಗೀತೆಯ ಮಟ್ಟನ್ನು ನುಡಿಸಿದರು. ಒಂಬತ್ತು ಸಾವಿರ ಕೊಟ್ಟೆ. ಚೌಕಾಶಿ ಮಾಡುವ ಮನಸ್ಸಾಗಲಿಲ್ಲ.

ಹೊರಡುವಾಗ ಅವರು ಊರು ಯಾವುದೆಂದು ಕೇಳಿದರು. ದಾವಣಗೆರೆ ಎಂದರೆ ಅರ್ಥವಾಗದೆಂದು, ಬಿಸಿಲಿನ ಒಣ ನಾಡು ಎಂದೆ. “ಹಾಗಾದರೆ ಬೇಸಗೆಯಲ್ಲಿ ಇದರ ಫ್ರೆಟ್ಟುಗಳ ತುದಿ ಹೊರಗೆ ಬರುತ್ತವೆ. ಗಾಬರಿಯಾಗಬೇಡಿ, ವಾದ್ಯವನ್ನು ಬೈಯಬೇಡಿ” ಎಂದರು. ಬೈಯುವ ವಿಷಯದಲ್ಲಿ ನನಗೆ ಬುದ್ಧಿ ಬಂದಿದೆಯೆಂದು ಅವರಿಗೆ ಹೇಗೆ ಹೇಳುವುದು!

ಬೇಸಗೆಯ ಅರ

ಎರಡು ರಾತ್ರಿ ಒಂದು ಹಗಲು ರೈಲಿನಲ್ಲಿ ಮಗುವನ್ನು ಮಲಗಿಸಿಕೊಂಡಂತೆ ಗಿಟಾರನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಬಂದು, ಅಲ್ಲಿಂದ ಊರಿಗೆ ತಲುಪಿದೆ. ಹುಡುಗ ಪೆಟ್ಟಿಗೆ ತೆರೆದು ನೋಡಿ ಏನೂ ಆಡಲಿಲ್ಲ. ಮಾಸಲು ಬಣ್ಣ ಅವನಿಗೂ ಹಿಡಿಸಲಿಲ್ಲವೆಂದು ತೋರಿತು. ತಂದೆಯವರು ಉದ್ದಕ್ಕೆ ನೋಡಿ, ಬೆರಳಿಂದ ಅಂಚು ಸವರಿ, “ಒಣಗಿದ ಮರ” ಎಂದಷ್ಟೇ ಹೇಳಿದರು. ಎರಡೇ ಪದಗಳ ಆ ಪ್ರಮಾಣಪತ್ರಕ್ಕೆ ನಾನು ನನ್ನ ಎಂ.ಎ. ಪದವಿಗಿಂತ ಹೆಚ್ಚು ಹೆಮ್ಮೆಪಟ್ಟೆ.

ದಾದಾ ಹೇಳಿದ್ದು ಮಾರ್ಚಿಯಲ್ಲಿ ನಿಜವಾಯಿತು. ಕಲ್ಕತ್ತೆಯ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡ 80ನ್ನು ಮೀರಿರುತ್ತದೆ. ನಮ್ಮ ಬೇಸಗೆಯ ಮಧ್ಯಾಹ್ನಗಳಲ್ಲಿ 30ಕ್ಕೂ ಕೆಳಗಿಳಿಯುತ್ತದೆ. ಎಷ್ಟೇ ಒಣಗಿಸಿದ ಮರವಾದರೂ ಇಷ್ಟು ಅಂತರಕ್ಕೆ ಕುಗ್ಗದೆ ಇರದು. ಅದೂ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಹಲಗೆಯ ಅಗಲ ಕೂದಲಿನಷ್ಟು ಕಿರಿದಾಗುತ್ತದೆ, ಲೋಹದ ಫ್ರೆಟ್ಟು ಇದ್ದಷ್ಟೇ ಇರುತ್ತದೆ. ತುದಿಗಳು ಹೊರಚಾಚಿ ಕೈಗೆ ಮುಳ್ಳಿನಂತೆ ತಾಗುತ್ತವೆ. ಒಂದು ದಿನ ಹುಡುಗ ಬೆರಳು ಚೀಪುತ್ತ ಬಂದು ನಿಂತ. ಅವನ ಮುಖದ ಮೇಲೆ ಹಳೆಯ ಆ ಮಾತು ಮತ್ತೆ ಮೂಡತೊಡಗಿದ್ದನ್ನು ಕಂಡೆ.

“ನಿನ್ನ ತಪ್ಪಲ್ಲವಪ್ಪ, ಮರ ಕುಗ್ಗಿದೆ. ಅಜ್ಜನ ಹತ್ತಿರ ಹೋಗು” ಎಂದೆ.

ಅಜ್ಜ ಹಳೆಯ ಪೆಟ್ಟಿಗೆಯಿಂದ ಸಣ್ಣ ಅರವನ್ನೂ ಉಪ್ಪುಕಾಗದವನ್ನೂ ತೆಗೆದರು. ತಂತಿ ಸಡಿಲಿಸಿ, ಅಂಚಿನುದ್ದಕ್ಕೂ ಕಾಗದದ ಪಟ್ಟಿ ಅಂಟಿಸಿ, ಅರವನ್ನು ಓರೆಯಾಗಿ ಹಿಡಿದು ಉಜ್ಜಿದರು. ಅವರ ಕೈ ಈಗ ತುಸು ನಡುಗುತ್ತದೆ. ನಾಲ್ಕು ಫ್ರೆಟ್ಟುಗಳಾದಮೇಲೆ ಅರವನ್ನು ಮೊಮ್ಮಗನ ಕೈಗೆ ಕೊಟ್ಟು, ಅವನ ಕೈಯ ಮೇಲೆ ತಮ್ಮ ಕೈಯಿಟ್ಟರು. “ಮರಕ್ಕೆ ತಾಗಿಸಬೇಡ. ಲೋಹ ಮಾತ್ರ. ಹಾಂ, ಹಾಗೆ.” ಉಳಿದದ್ದೆಲ್ಲವನ್ನೂ ಹುಡುಗನೇ ಮುಗಿಸಿದ. ನಲವತ್ತು ವರ್ಷಗಳ ಹಿಂದೆ ನನ್ನ ಕೈಗೆ ಬರಬೇಕಾಗಿದ್ದ ಅರ, ನನ್ನನ್ನು ದಾಟಿ, ಅವನ ಕೈಗೆ ಹೋಯಿತೆಂದು ನನಗೆ ಅನ್ನಿಸಿತು, ಹೊಟ್ಟೆಕಿಚ್ಚಾಗಲಿಲ್ಲ.

ಈಗ ಸಂಜೆಯ ಹೊತ್ತು ನಾನು ಉತ್ತರಪತ್ರಿಕೆಗಳ ಮುಂದೆ ಕುಳಿತಾಗ ಒಳಕೋಣೆಯಿಂದ ಆ ಶಿವನೆ ಮರದ ನಾದ ಕೇಳಿಬರುತ್ತದೆ. ಹುಡುಗ ದೊಡ್ಡ ವಾದಕನಾಗುತ್ತಾನೋ ಇಲ್ಲವೋ ನನಗೆ ತಿಳಿಯದು. ಕೆಲವು ಸಂಜೆ ಸ್ವರ ತಪ್ಪುತ್ತದೆ. ಆಗ ಅವನು ವಾದ್ಯವನ್ನು ಬೀರುವಿನ ಮೇಲೆ ಇಡುವುದಿಲ್ಲ. ಕಣ್ಣಿನ ಮಟ್ಟಕ್ಕೆ ಎತ್ತಿ, ಅಜ್ಜನಂತೆ ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡುತ್ತಾನೆ. ಸರಿಯಿದೆ ಎಂದು ಕಂಡಮೇಲೆ ಮತ್ತೆ ಮೊದಲಿನಿಂದ ನುಡಿಸುತ್ತಾನೆ.